ಕೆರೆಗಿಳಿದ ವಿಮಾನ, ಕಾಡಂಚಿಗೆ ಬಾರದ ವಿದ್ಯೆ

ವಿಮಾನ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಬಜ್ಪೆಯ ಗುಡ್ಡ, ಬೆಂಗಳೂರಿನ ನಿಲ್ದಾಣ, ಕೊಲ್ಲಿ ರಾಷ್ಟ್ರಕ್ಕೆ ಹೊರಟ ಮಗನನ್ನು ಬೀಳ್ಕೊಡಲು ಬಂದ ಕುಟುಂಬ. ಮೈಲುಗಟ್ಟಲೆ ಕಾಂಕ್ರೀಟ್ ಓಟದ ಹಾದಿ, ಗಾಜಿನ ಕಟ್ಟಡ, ಭದ್ರತೆಯ ಸಾಲು ಇವಿಲ್ಲದೆ ವಿಮಾನವಿಲ್ಲ ಎಂದು ನಾವು ನಂಬಿದ್ದೇವೆ. ಆದರೆ ವಿಮಾನಯಾನದ ಇತಿಹಾಸದಲ್ಲಿ ಇನ್ನೊಂದು ಸಂತತಿಯೂ ಇದೆ. ಅದಕ್ಕೆ ನಿಲ್ದಾಣ ಬೇಡ. ಕೆರೆ ಇದ್ದರೆ ಕೆರೆ, ಹೊಳೆ ಇದ್ದರೆ ಹೊಳೆ, ಎರಡೂ ಇಲ್ಲದಿದ್ದರೆ ಹೊಳೆದಂಡೆಯ ಜಲ್ಲಿಯೇ ಸಾಕು. ಚಕ್ರದ ಬದಲು ದೋಣಿಯಂಥ ಎರಡು ತೇಲುಗಾಲುಗಳನ್ನು ಕಟ್ಟಿಕೊಂಡ ಜಲವಿಮಾನ ಮತ್ತು ಕಾಡುಮೇಡುಗಳಲ್ಲಿ ಇಳಿದೇಳುವ ‘ಬುಷ್ ಪ್ಲೇನ್’ ಈ ಸಂತತಿಗೆ ಸೇರಿದವು.

ಇದಕ್ಕೂ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಗ್ಗಡದೇವನಕೋಟೆಗಳ ಸೀಮೆಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಈ ಸೀಮೆಯಲ್ಲಿ ಕಾಡೂ ಇದೆ, ಕಣ್ಣಳತೆ ಮೀರಿದ ನೀರೂ ಇದೆ. ಜಲವಿಮಾನ ಕಲಿಯಬಯಸುವವನು ಕನಸಿನಲ್ಲಿ ಕಾಣುವಂಥ ಹಿನ್ನೀರುಗಳು ಇಲ್ಲಿವೆ. ಆದರೂ ಈ ವಿದ್ಯೆ ಇಲ್ಲಿಗೆ ಬರಲಿಲ್ಲ. ಬೆಂಗಳೂರಿನ ಒಂದು ಕೆರೆಯವರೆಗೆ ಬಂದು ಹಿಂದಿರುಗಿತು. ಅದು ಹೇಗೆ ಬಂತು, ಯಾಕೆ ನಿಲ್ಲಲಿಲ್ಲ, ಈಗ ಜಲವಿಮಾನದ ಮಾತು ಮತ್ತೆ ಕೇಳಿಬರುತ್ತಿರುವಾಗ ನಾವು ಏನನ್ನು ಕೇಳಬೇಕು ಎಂಬುದನ್ನು ಈ ಬರಹದಲ್ಲಿ ವಿಚಾರಿಸೋಣ.

ಇಳಿಯುವ ಚಿಂತೆ

ಹಾರುವ ಆಸೆ ಮನುಷ್ಯನಷ್ಟೇ ಹಳೆಯದು. ಒಂಬತ್ತನೆಯ ಶತಮಾನದ ಸ್ಪೇನ್‌ನ ಕೊರ್ಡೋವಾದಲ್ಲಿದ್ದ ವಿದ್ವಾಂಸ ಅಬ್ಬಾಸ್ ಇಬ್ನ್ ಫಿರ್ನಾಸ್ ಗರಿಗಳ ಉಡುಪು, ರೆಕ್ಕೆ ಕಟ್ಟಿಕೊಂಡು ಹಾರಲು ಯತ್ನಿಸಿದ ಕಥೆಯನ್ನು ಮುಸ್ಲಿಂ ಓದುಗರು ಕೇಳಿರುತ್ತಾರೆ. ಅದನ್ನು ನಮಗೆ ತಲುಪಿಸಿದ್ದು ಹಲವು ಶತಮಾನಗಳ ನಂತರ ಬರೆದ ಇತಿಹಾಸಕಾರ ಅಲ್ ಮಕ್ಕರಿ. ಆ ಕಥೆಯಲ್ಲಿ ನಮ್ಮ ಗಮನ ಸೆಳೆಯುವುದು ಹಾರಾಟಕ್ಕಿಂತ ಅದರ ಕೊನೆ. ಹಕ್ಕಿ ಇಳಿಯುವಾಗ ಬಾಲದ ನೆರವು ಪಡೆಯುತ್ತದೆ ಎಂಬುದನ್ನು ಗಮನಿಸದೆ, ಬಾಲವಿಲ್ಲದೆ ಹಾರಿದ್ದರಿಂದ ಅವರು ಇಳಿಯುವಾಗ ಪೆಟ್ಟು ತಿಂದರಂತೆ. ಏರುವುದಕ್ಕಿಂತ ಇಳಿಯುವುದು ಕಷ್ಟ ಎಂಬ ಪಾಠ ಅಲ್ಲಿಯೇ ಇದೆ.

ಯಂತ್ರದ ವಿಮಾನ ಬಂದ ಮೇಲೂ ಈ ಚಿಂತೆ ತಪ್ಪಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿಮಾನಗಳಿದ್ದವು, ನಿಲ್ದಾಣಗಳಿರಲಿಲ್ಲ. ಭೂಮಿಯ ಮೇಲೆ ಸಹಜವಾಗಿಯೇ ಸಮತಟ್ಟಾದ, ಉದ್ದನೆಯ, ಯಾರೂ ಬೇಲಿ ಹಾಕದ ಜಾಗವೆಂದರೆ ನೀರು. 1910ರ ಮಾರ್ಚ್ 28ರಂದು ಫ್ರಾನ್ಸಿನ ಹೆನ್ರಿ ಫಾಬ್ರ್ ಮಾರ್ಸೇಲ್ಸ್ ಬಳಿಯ ಒಂದು ಕೊಳದಿಂದ ವಿಮಾನವನ್ನು ಮೇಲೇರಿಸಿದರು. ಮರುವರ್ಷ ಅಮೆರಿಕದ ಗ್ಲೆನ್ ಕರ್ಟಿಸ್ ಸ್ಯಾನ್ ಡಿಯೇಗೋದಲ್ಲಿ ಇದನ್ನು ಬಳಕೆಗೆ ಯೋಗ್ಯವಾದ ರೂಪಕ್ಕೆ ತಂದರು. 1930ರ ದಶಕದ ಹೊತ್ತಿಗೆ ಖಂಡಗಳನ್ನು ದಾಟುವ ದೊಡ್ಡ ವಿಮಾನಗಳಲ್ಲಿ ಹಲವು ‘ಹಾರುವ ದೋಣಿ’ಗಳೇ ಆಗಿದ್ದವು. ಇವುಗಳಿಗೆ ಪ್ರತ್ಯೇಕ ತೇಲುಗಾಲು ಇರುವುದಿಲ್ಲ, ವಿಮಾನದ ಒಡಲೇ ದೋಣಿ. ಇಂಗ್ಲೆಂಡಿನಿಂದ ಹೊರಟ ಇಂಪೀರಿಯಲ್ ಏರ್‌ವೇಸ್‌ನ ಹಾರುವ ದೋಣಿಗಳು ಬಸ್ರಾ, ಬಹರೈನ್, ದುಬೈಗಳ ಮೇಲೆ ಕರಾಚಿಗೆ ಬಂದು, ಅಲ್ಲಿಂದ ರಾಜಸ್ಥಾನದ ರಾಜಸಮಂದ್ ಕೆರೆ ಮತ್ತು ಗ್ವಾಲಿಯರ್ ಮೂಲಕ ಕಲ್ಕತ್ತೆಯ ಹೂಗ್ಲಿ ನದಿಗೆ ಇಳಿಯುತ್ತಿದ್ದವು. ನಮ್ಮ ಕರಾವಳಿಯ ಹುಡುಗರು ದುಡಿಯಲು ಹೋಗುವ ದುಬೈಗೆ 1937ರಲ್ಲಿ ಬಂದ ವಿಮಾನ ಇಳಿದದ್ದು ಅಲ್ಲಿನ ಖಾರಿಯ ಉಪ್ಪುನೀರಿನ ಮೇಲೆ. ಆಗ ಅಲ್ಲಿ ಬೇರೆ ನಿಲ್ದಾಣವೇ ಇರಲಿಲ್ಲ.

ಕಾಡಿನವರ ವಾಹನ

ಹಾರುವ ದೋಣಿ ಸಾಮ್ರಾಜ್ಯದ, ಶ್ರೀಮಂತರ ವಾಹನವಾಗಿದ್ದರೆ, ಸಣ್ಣ ಜಲವಿಮಾನ ಕಾಡಿನ ವಾಹನವಾಯಿತು. 1919ರಲ್ಲಿ ಸ್ಟುವರ್ಟ್ ಗ್ರಹಾಂ ಎಂಬ ವಿಮಾನ ಚಾಲಕ, ಮೊದಲ ಮಹಾಯುದ್ಧದಲ್ಲಿ ಮಿಕ್ಕಿದ್ದ ಹಾರುವ ದೋಣಿಯೊಂದನ್ನು ಕೆನಡಾದ ಹ್ಯಾಲಿಫ್ಯಾಕ್ಸ್‌ನಿಂದ ಕ್ವಿಬೆಕ್ ಪ್ರಾಂತದ ಸರೋವರಕ್ಕೆ ಹಾರಿಸಿಕೊಂಡು ಹೋದರು. ಕಾಡ್ಗಿಚ್ಚನ್ನು ಮೇಲಿನಿಂದ ಪತ್ತೆ ಹಚ್ಚುವುದು ಅವರ ಕೆಲಸ. ಕೆನಡಾದ ಬುಷ್ ಫ್ಲೈಯಿಂಗ್ ಶುರುವಾದದ್ದು ಹೀಗೆ. ಲಕ್ಷಾಂತರ ಸರೋವರಗಳ ಆ ನಾಡಿನಲ್ಲಿ ಬೇಸಿಗೆಯಲ್ಲಿ ತೇಲುಗಾಲು, ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿದಾಗ ಹಿಮಪಟ್ಟಿ ಕಟ್ಟಿಕೊಂಡು ವರ್ಷವಿಡೀ ವಿಮಾನ ಓಡಾಡಿತು.

ಅಲಾಸ್ಕಾದಲ್ಲಿ 1924ರ ಫೆಬ್ರವರಿಯಲ್ಲಿ ಕಾರ್ಲ್ ಬೆನ್ ಐಲ್ಸನ್ ಫೇರ್‌ಬ್ಯಾಂಕ್ಸ್‌ನಿಂದ ಮೆಕ್‌ಗ್ರಾತ್‌ಗೆ ಅಂಚೆ ಒಯ್ದರು. ನಾಯಿ ಎಳೆಯುವ ಗಾಡಿಗೆ ವಾರಗಳೇ ಹಿಡಿಯುತ್ತಿದ್ದ ದಾರಿಯನ್ನು ವಿಮಾನ ಕೆಲವೇ ಗಂಟೆಗಳಲ್ಲಿ ಕ್ರಮಿಸಿತು. ಆಸ್ಟ್ರೇಲಿಯಾದಲ್ಲಿ ಜಾನ್ ಫ್ಲಿನ್ ಎಂಬ ಪಾದ್ರಿ ಒಳನಾಡಿನ ಒಂಟಿ ಮನೆಗಳಿಗೆ ವೈದ್ಯರನ್ನು ತಲುಪಿಸಲು ಹಟ ಹಿಡಿದು, 1928ರ ಮೇ ತಿಂಗಳಲ್ಲಿ ಕ್ಲಾನ್‌ಕರಿಯಿಂದ ‘ಹಾರುವ ವೈದ್ಯ’ ಸೇವೆಯನ್ನು ಆರಂಭಿಸಿದರು. ಅಂಚೆ, ಔಷಧಿ, ಹೆರಿಗೆ ನೋವಿನ ಹೆಂಗಸು, ಶಾಲೆಯ ಪುಸ್ತಕ, ಹಿಟ್ಟಿನ ಮೂಟೆ, ಇವೇ ಬುಷ್ ಪ್ಲೇನಿನ ಸರಕು. ಇಂದಿಗೂ ಅಲಾಸ್ಕಾದ ಬಹುಪಾಲು ಊರುಗಳಿಗೆ ರಸ್ತೆಯಿಲ್ಲ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಡಿ ಹ್ಯಾವಿಲೆಂಡ್ ಕೆನಡಾ ಕಂಪೆನಿ ಹೊಸ ವಿಮಾನ ಮಾಡಲು ಹೊರಟಾಗ, ನಿಮಗೆ ಎಂಥದು ಬೇಕು ಎಂದು ಕಾಡಿನಲ್ಲಿ ಹಾರುವ ಚಾಲಕರನ್ನೇ ಕೇಳಿತು. ಚಿಕ್ಕ ಜಾಗದಲ್ಲಿ ಏಳಬೇಕು, ಇಳಿಯಬೇಕು, ಸರಕು ಹೇರಲು ಅಗಲವಾದ ಬಾಗಿಲು ಬೇಕು ಎಂಬುದು ಅವರ ಬೇಡಿಕೆಯಾಗಿತ್ತು. 1947ರ ಆಗಸ್ಟ್ 16ರಂದು ಮೊದಲು ಹಾರಿದ ‘ಬೀವರ್’ ಹೀಗೆ ರೂಪುಗೊಂಡದ್ದು. ಬಳಸುವವನ ಮಾತನ್ನು ತಯಾರಿಸುವವನು ಕೇಳಿದ್ದರಿಂದ ಆ ವಿಮಾನ ಬಾಳಿತು. ಒಟ್ಟು 1,600ಕ್ಕೂ ಹೆಚ್ಚು ಬೀವರ್‌ಗಳು ತಯಾರಾದವು. ಅವುಗಳಲ್ಲಿ ಹಲವು ಇಂದಿಗೂ ಹಾರುತ್ತಿವೆ. ಅದರ ಅಣ್ಣನಂತಿದ್ದ ‘ಆಟರ್’ ವಿಮಾನಗಳನ್ನು ನಮ್ಮ ವಾಯುಪಡೆಯೂ 1950ರ ದಶಕದ ಕೊನೆಯಲ್ಲಿ ತರಿಸಿಕೊಂಡು ಈಶಾನ್ಯದ ಗುಡ್ಡಗಾಡಿನ ಪುಟ್ಟ ನೆಲಪಟ್ಟಿಗಳಿಗೆ ಸಾಮಾನು ಸಾಗಿಸಿತು. ವಾಯುಪಡೆಯ 41ನೇ ಸ್ಕ್ವಾಡ್ರನ್‌ಗೆ ಆಟರ್ ಎಂಬ ಹೆಸರು ಅಂಟಿಕೊಂಡದ್ದು ಹೀಗೆ.

ಕಲಿಕೆಯ ಬಗೆ

ಈ ವಿದ್ಯೆಯನ್ನು ಕಲಿಯುವುದು ಹೇಗೆ? ಅಮೆರಿಕದಂಥ ದೇಶದಲ್ಲಿ, ನೆಲದ ವಿಮಾನ ಹಾರಿಸುವ ಪರವಾನಗಿ ಇದ್ದವರು ಕೆಲವೇ ದಿನಗಳ ತರಬೇತಿಯಲ್ಲಿ ಜಲವಿಮಾನದ ಅನುಮತಿಯನ್ನೂ ಪಡೆಯಬಹುದು. ಆದರೆ ಅನುಮತಿ ಬೇರೆ, ವಿದ್ಯೆ ಬೇರೆ. ಗಾಳಿಯಲ್ಲಿರುವಾಗ ಜಲವಿಮಾನ ಉಳಿದ ವಿಮಾನಗಳಂತೆಯೇ, ನೀರಿಗೆ ತಾಗಿದ ಕ್ಷಣದಿಂದ ಅದು ದೋಣಿ. ಕಲಿಯುವವನು ಅರ್ಧ ಅಂಬಿಗನಾಗದೆ ಗತಿಯಿಲ್ಲ.

ಮೊದಲನೆಯದಾಗಿ, ಜಲವಿಮಾನಕ್ಕೆ ಬ್ರೇಕ್ ಇಲ್ಲ. ಎಂಜಿನ್ ಚಾಲೂ ಆದೊಡನೆ ಅದು ಮುಂದೆ ಸಾಗುತ್ತದೆ. ಗಾಳಿ ಬೀಸಿದರೆ ಗೋಪುರದ ಗಾಳಿಕೋಳಿಯಂತೆ ಮೂತಿಯನ್ನು ಗಾಳಿಯತ್ತ ತಿರುಗಿಸುತ್ತದೆ. ತೇಲುಗಾಲುಗಳ ಹಿಂದಿರುವ ಪುಟ್ಟ ಚುಕ್ಕಾಣಿಗಳಿಂದ ಅದನ್ನು ಹತೋಟಿಯಲ್ಲಿಡಬೇಕು. ಗಾಳಿ ಜೋರಾಗಿದ್ದರೆ ಎಂಜಿನ್ ನಿಲ್ಲಿಸಿ, ರೆಕ್ಕೆ ಬಾಲಗಳನ್ನೇ ಹಾಯಿ ಮಾಡಿಕೊಂಡು ಹಿಂದಕ್ಕೆ ತೇಲುತ್ತಾ ದಡ ಸೇರುವುದನ್ನೂ ಕಲಿಸುತ್ತಾರೆ.

ಎರಡನೆಯದು ಏಳುವ ಪಾಠ. ನೀರು ವಿಮಾನವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ತೇಲುಗಾಲಿನ ತಳದಲ್ಲಿ ನಡುವೆ ಒಂದು ಮೆಟ್ಟಿಲನ್ನು ಕೊರೆದಿರುತ್ತಾರೆ. ವೇಗ ಹೆಚ್ಚಿದಂತೆ ವಿಮಾನ ನೀರನ್ನು ಸೀಳುವುದನ್ನು ಬಿಟ್ಟು ಆ ಮೆಟ್ಟಿಲಿನ ಮೇಲೆ ಜಾರತೊಡಗುತ್ತದೆ. ಮೂತಿ ಹೆಚ್ಚು ಎತ್ತಿದರೆ ನೀರು ಹಿಡಿದೆಳೆಯುತ್ತದೆ, ಹೆಚ್ಚು ತಗ್ಗಿಸಿದರೂ ಎಳೆಯುತ್ತದೆ. ನಡುವಿನ ಹದ ಕೈಗೆ ಸಿಗಬೇಕು. ಅಲೆಯೇ ಇಲ್ಲದ ದಿನ ನೀರಿನ ಅಂಟು ಬಿಡಿಸಲು ಒಂದು ತೇಲುಗಾಲನ್ನು ಮೊದಲು ಎತ್ತಿ ಆಮೇಲೆ ಇನ್ನೊಂದನ್ನು ಎತ್ತುವ ಉಪಾಯವೂ ಇದೆ.

ಮೂರನೆಯದು ಎಲ್ಲಕ್ಕಿಂತ ಅಪಾಯದ್ದು. ಬಿರುಗಾಳಿಗಿಂತಲೂ ಜಲವಿಮಾನದವರು ಹೆದರುವುದು ಕನ್ನಡಿಯಂತೆ ನಿಂತ ನೀರಿಗೆ. ಅಲೆಯಿಲ್ಲದ ನೀರಿನಲ್ಲಿ ಆಕಾಶವೇ ಕಾಣುತ್ತದೆ, ನೀರಿನ ಮೇಲ್ಮೈ ಎಲ್ಲಿದೆ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಹತ್ತಡಿ ಮೇಲಿದ್ದೇನೆ ಎಂದುಕೊಂಡವನು ನೀರಿಗೆ ಅಪ್ಪಳಿಸಬಹುದು, ನೀರು ಬಂತು ಎಂದುಕೊಂಡವನು ಐವತ್ತಡಿ ಮೇಲೆಯೇ ವೇಗ ಕಳೆದುಕೊಂಡು ಬೀಳಬಹುದು. ಇದಕ್ಕಿರುವ ಪಾಠವೆಂದರೆ ಕಣ್ಣನ್ನು ನಂಬದಿರುವುದು. ದಡದ ಗಿಡಮರಗಳನ್ನು ಪಕ್ಕದಲ್ಲಿ ಗುರುತಾಗಿಟ್ಟುಕೊಂಡು, ಎಂಜಿನ್ನಿನ ಶಕ್ತಿಯನ್ನು ಕೊಂಚ ಉಳಿಸಿಕೊಂಡು, ಮೂತಿಯನ್ನು ಇಳಿಯುವ ಭಂಗಿಯಲ್ಲಿ ಸ್ಥಿರವಾಗಿಟ್ಟು, ನಿಮಿಷಕ್ಕೆ ನೂರೈವತ್ತು ಅಡಿಯ ಆಸುಪಾಸಿನ ನಿಧಾನ ಗತಿಯಲ್ಲಿ ನೀರು ತಾನಾಗಿ ಬಂದು ತಾಗುವವರೆಗೆ ಕಾಯಬೇಕು. ಅಷ್ಟು ತಾಳ್ಮೆ ಇಲ್ಲದವನಿಗೆ ಈ ವಿದ್ಯೆ ಒಲಿಯುವುದಿಲ್ಲ.

ಇವುಗಳ ಮೇಲೆ ಕಾಡಿನ ಪಾಠಗಳು ಬೇರೆ. ಇಳಿಯುವ ಮೊದಲು ಒಂದು ಸುತ್ತು ತಗ್ಗಿನಲ್ಲಿ ಹಾರಿ ನೀರಿನ ಬಣ್ಣ ನೋಡಿ ಆಳ ಊಹಿಸುವುದು, ಮುಳುಗಿದ ಮರದ ಬೊಡ್ಡೆಗಳನ್ನು ಪತ್ತೆ ಹಚ್ಚುವುದು, ಅಲೆಯ ಗೆರೆ ಮತ್ತು ಎಲೆಯ ತಿರುವು ನೋಡಿ ಗಾಳಿಯ ದಿಕ್ಕು ತಿಳಿಯುವುದು, ಇಳಿದ ಜಾಗದಿಂದ ಮತ್ತೆ ಏಳಲು ಸಾಧ್ಯವೇ ಎಂದು ಇಳಿಯುವ ಮೊದಲೇ ಲೆಕ್ಕ ಹಾಕುವುದು. ಕೊರೆಯುವ ಚಳಿಯಲ್ಲಿ ಹಳೆಯ ಚಾಲಕರು ರಾತ್ರಿ ಎಂಜಿನ್ನಿನ ಎಣ್ಣೆಯನ್ನು ಬಸಿದಿಟ್ಟು, ಬೆಳಿಗ್ಗೆ ಒಲೆಯ ಮೇಲೆ ಕಾಯಿಸಿ ಮತ್ತೆ ತುಂಬುತ್ತಿದ್ದರು. ಇಂಥದನ್ನು ಪುಸ್ತಕದಿಂದ ಕಲಿಯಲಾಗದು. ಬಲ್ಲವನ ಪಕ್ಕದಲ್ಲಿ ಕುಳಿತು, ಅವನ ಕೈಯನ್ನು ನೋಡಿ ನೋಡಿ ಕಲಿಯಬೇಕು.

ಸರ್ ಮಿರ್ಜಾ ಮತ್ತು ಬೆಳ್ಳಂದೂರು ಕೆರೆ

ಈಗ ನಮ್ಮ ನಾಡಿಗೆ ಬರೋಣ. 1939ರಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅಮೆರಿಕದಿಂದ ಪೆಸಿಫಿಕ್ ಸಾಗರ ದಾಟಿ ಹಿಂದಿರುಗುವಾಗ, ವಿಮಾನ ತಯಾರಿಕೆಯ ವ್ಯವಹಾರದಲ್ಲಿದ್ದ ವಿಲಿಯಂ ಪಾಲಿಯ ಪರಿಚಯವಾಯಿತು. ಆ ಕಾಲದ ಪೆಸಿಫಿಕ್ ವಿಮಾನಗಳು ಹಾರುವ ದೋಣಿಗಳೇ. ಭಾರತದಲ್ಲಿಯೇ ವಿಮಾನ ತಯಾರಿಸಬೇಕೆಂಬ ಯೋಚನೆ ಹೀಗೆ ನೀರಿಗಿಳಿಯುವ ವಿಮಾನದ ಪ್ರಯಾಣದಲ್ಲಿ ಬಲಿಯಿತು ಎಂಬುದು ಸ್ವಾರಸ್ಯಕರ.

ಆ ಯೋಚನೆಗೆ ನೆಲ ಕೊಟ್ಟವರು ಮೈಸೂರಿನ ದಿವಾನ ಸರ್ ಮಿರ್ಜಾ ಇಸ್ಮಾಯಿಲ್. ಇರಾನಿನ ಶಿರಾಜ್‌ನಿಂದ ಕುದುರೆ ವ್ಯಾಪಾರಕ್ಕೆಂದು ಬೆಂಗಳೂರಿಗೆ ಬಂದು ನೆಲೆಸಿದ ಅಲಿ ಅಸ್ಕರ್ ಅವರ ಮೊಮ್ಮಗ, ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿ ಮತ್ತು ಆಪ್ತ. 1926ರಿಂದ 1941ರವರೆಗೆ ದಿವಾನರಾಗಿದ್ದ ಅವರು ಕಾರ್ಖಾನೆಗಳು, ಉದ್ಯಾನಗಳು, ಹಳ್ಳಿಗಳ ವಿದ್ಯುದೀಕರಣ ಎಂದು ಸಂಸ್ಥಾನದ ಮುಖಚಹರೆಯನ್ನೇ ಬದಲಿಸಿದರು. ವಿಮಾನ ಕಾರ್ಖಾನೆಯ ಪ್ರಸ್ತಾಪ ಬಂದಾಗ ಸಂಸ್ಥಾನದ ವತಿಯಿಂದ ಜಮೀನು, ಬಂಡವಾಳ, ನೀರು, ವಿದ್ಯುತ್ತಿನ ಅನುಕೂಲಗಳನ್ನು ಒದಗಿಸಿ ಅದನ್ನು ಬೆಂಗಳೂರಿಗೆ ಸೆಳೆದರು. 1940ರ ಆಗಸ್ಟ್‌ನಲ್ಲಿ ನಾಲ್ವಡಿಯವರು ತೀರಿಕೊಂಡು ಸಂಸ್ಥಾನ ಶೋಕದಲ್ಲಿದ್ದರೂ ಕೆಲಸ ನಿಲ್ಲಲಿಲ್ಲ. ಅದೇ ವರ್ಷ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪೆನಿ ನೋಂದಣಿಯಾಯಿತು. ಮೈಸೂರಿನ ಬಳಿಯ ಮಂಡಕಳ್ಳಿಯ ವಿಮಾನ ಮೈದಾನವೂ ಸಂಸ್ಥಾನದ ಕೊಡುಗೆಯೇ. ಇಂದು ಎಚ್‌ಎಎಲ್ ಎಂಬ ಮೂರಕ್ಷರ ನೋಡುವವರಲ್ಲಿ ಎಷ್ಟು ಮಂದಿಗೆ ಸರ್ ಮಿರ್ಜಾ ನೆನಪಾಗುತ್ತಾರೋ ತಿಳಿಯದು. ಈ ನಾಡನ್ನು ಕಟ್ಟಿದವರ ಪಟ್ಟಿ ಮಾಡುವಾಗ ಕೆಲವು ಹೆಸರುಗಳನ್ನು ಸದ್ದಿಲ್ಲದೆ ಬಿಟ್ಟುಬಿಡುವ ಚಾಳಿ ಬೆಳೆದಿರುವ ಕಾಲದಲ್ಲಿ ಇದನ್ನು ನೆನಪಿಸುವುದು ಅಗತ್ಯ.

ಯುದ್ಧ ಏಷ್ಯಾಕ್ಕೆ ಹಬ್ಬಿತು. 1942ರಲ್ಲಿ ಸರಕಾರ ಕಾರ್ಖಾನೆಯ ಆಡಳಿತವನ್ನು ಕೈಗೆ ತೆಗೆದುಕೊಂಡಿತು. 1943ರಲ್ಲಿ ಅದು ಅಮೆರಿಕದ ವಾಯುಸೇನೆಯ ದುರಸ್ತಿ ಕೇಂದ್ರವಾಯಿತು. ಆಗಲೇ ಕ್ಯಾಟಲಿನಾ ಎಂಬ ಹಾರುವ ದೋಣಿಗಳು ಬೆಂಗಳೂರಿಗೆ ಬಂದದ್ದು. ತುದಿಯಿಂದ ತುದಿಗೆ 104 ಅಡಿ ರೆಕ್ಕೆ, ಎರಡು ಎಂಜಿನ್, ಇಡೀ ಹಗಲು ರಾತ್ರಿ ಇಳಿಯದೆ ಹಾರುವ ಶಕ್ತಿ. ಅವುಗಳನ್ನು ಇಳಿಸಿಕೊಳ್ಳಲು ಕಾರ್ಖಾನೆಯ ಹತ್ತಿರದಲ್ಲಿಯೇ ಬೆಳ್ಳಂದೂರು ಕೆರೆ ಇತ್ತು. ರೈತರ ಗದ್ದೆಗೆ ನೀರುಣಿಸುತ್ತಿದ್ದ ಕೆರೆ ಕೆಲಕಾಲ ಮಹಾಯುದ್ಧದ ವಿಮಾನ ನಿಲ್ದಾಣವಾಯಿತು.

ಈ ಕ್ಯಾಟಲಿನಾಗಳ ಚಾಲಕರಲ್ಲಿ ಕಾಡುಮೇಡಿನ ನಾಡುಗಳಿಂದ ಬಂದವರಿದ್ದರು. 1942ರ ಏಪ್ರಿಲ್ 4ರಂದು ಸಿಲೋನಿನ ಕೊಗ್ಗಲ ಸರೋವರದಿಂದ ಹೊರಟು ಜಪಾನೀ ನೌಕಾಪಡೆಯನ್ನು ಮೊದಲು ಕಂಡು ಸುದ್ದಿ ಮುಟ್ಟಿಸಿದ ಲೆನರ್ಡ್ ಬರ್ಚಲ್ ಕೆನಡಾದವರು. ಅದೇ ಕೊಗ್ಗಲದಿಂದ 1943ರ ನಂತರ ಆಸ್ಟ್ರೇಲಿಯಾದ ಪರ್ತ್‌ಗೆ ಹೋಗುತ್ತಿದ್ದ ಕ್ಯಾಟಲಿನಾಗಳು ಸುಮಾರು ಮೂವತ್ತು ಗಂಟೆ ನಿಲ್ಲದೆ ಹಾರುತ್ತಿದ್ದವು. ಪ್ರಯಾಣಿಕರು ಒಂದೇ ಪ್ರಯಾಣದಲ್ಲಿ ಎರಡು ಸೂರ್ಯೋದಯ ಕಾಣುತ್ತಿದ್ದರು.

ಭಾರತೀಯರೂ ಇದ್ದರು. ಆಗಾ ಖಾನ್ ಅವರು ಇಂಗ್ಲೆಂಡ್ ಮತ್ತು ಭಾರತದ ನಡುವೆ ಒಬ್ಬಂಟಿಯಾಗಿ ಹಾರುವ ಮೊದಲ ಭಾರತೀಯನಿಗೆ 500 ಪೌಂಡ್ ಬಹುಮಾನ ಸಾರಿದ ಮೇಲೆ 1930ರಲ್ಲಿ ಸ್ಪರ್ಧಿಸಿದವರು ಮೂವರು: ಮನಮೋಹನ್ ಸಿಂಗ್ ಎಂಬ ಸಿಖ್ ತರುಣ, ಆಸ್ಪಿ ಎಂಜಿನಿಯರ್ ಮತ್ತು ಜೆ.ಆರ್.ಡಿ. ಟಾಟಾ ಎಂಬ ಇಬ್ಬರು ಪಾರ್ಸಿಗಳು. ಬಹುಮಾನ ಆಸ್ಪಿಗೆ ಸಂದಿತು. ಮನಮೋಹನ್ ಸಿಂಗ್ ಮುಂದೆ ಹಾರುವ ದೋಣಿಗಳನ್ನು ಹಾರಿಸಲು ಕಲಿತರು. 1942ರ ಮಾರ್ಚ್ 3ರಂದು ಆಸ್ಟ್ರೇಲಿಯಾದ ಬ್ರೂಮ್ ಬಂದರಿನ ಮೇಲೆ ಜಪಾನೀ ವಿಮಾನಗಳು ಎರಗಿದಾಗ ಪ್ರಾಣ ಬಿಟ್ಟರು. ಒಬ್ಬ ಮುಸ್ಲಿಂ ಇಟ್ಟ ಬಹುಮಾನಕ್ಕೆ ಸಿಖ್ಖನೂ ಪಾರ್ಸಿಯೂ ಸ್ಪರ್ಧಿಸಿದ ಕಾಲವದು.

ಯುದ್ಧ ಮುಗಿಯಿತು, ಕ್ಯಾಟಲಿನಾಗಳು ಹೋದವು. ಅವುಗಳ ಎಂಜಿನ್ ಬಿಚ್ಚಿ ಜೋಡಿಸಿದ ನಮ್ಮ ಕೆಲಸಗಾರರ ಕೈಯಲ್ಲಿ ದುರಸ್ತಿಯ ವಿದ್ಯೆ ಉಳಿಯಿತು. ಆದರೆ ಕೆರೆಯಿಂದ ಏಳುವ, ಕೆರೆಗೆ ಇಳಿಯುವ ವಿದ್ಯೆ ಅವುಗಳೊಂದಿಗೇ ಹೋಯಿತು. ಬೆಳ್ಳಂದೂರು ಕೆರೆಯ ಗತಿ ಎಲ್ಲರಿಗೂ ಗೊತ್ತು. 2015ರ ಬಳಿಕ ಅದು ಸುದ್ದಿಯಾದದ್ದು ರಸ್ತೆಗೆ ಉಕ್ಕಿದ ನೊರೆಗೆ, 2017 ಮತ್ತು 2018ರಲ್ಲಿ ಹೊತ್ತಿಕೊಂಡ ಬೆಂಕಿಗೆ. ವಿಮಾನ ಇಳಿಯುತ್ತಿದ್ದ ನೀರಿನಲ್ಲಿ ಬೆಂಕಿ ಏಳುವಂತಾಯಿತು.

ಜಕ್ಕೂರು ಮತ್ತು ಪುಷ್ಪಕ

ಸ್ವಾತಂತ್ರ್ಯದ ನಂತರ ಹಾರಾಟ ಕಲಿಸುವ ಪ್ರಯತ್ನಗಳು ನಡೆದವು. ಮಹಾರಾಜ ಜಯಚಾಮರಾಜೇಂದ್ರ ಒಡೆಯರು ಕೊಟ್ಟ ಜಮೀನಿನಲ್ಲಿ 1948ರಲ್ಲಿ ಜಕ್ಕೂರಿನ ಸರಕಾರಿ ವಿಮಾನ ತರಬೇತಿ ಶಾಲೆ ಶುರುವಾಯಿತು. 1949ರಲ್ಲಿ ಉಷಾ ಸುಂದರಂ ಎಂಬ ಮಹಿಳೆ ಅಲ್ಲಿ ತರಬೇತಿ ಮುಗಿಸಿ ಹೊರಬಂದರು. ಹೆಣ್ಣುಮಕ್ಕಳು ಬಸ್ಸು ಹತ್ತುವುದಕ್ಕೂ ಅಪ್ಪಣೆ ಬೇಕಿದ್ದ ಕಾಲದಲ್ಲಿ ಅದು ಸಣ್ಣ ಸಂಗತಿಯಲ್ಲ.

ಎಚ್‌ಎಎಲ್‌ನಲ್ಲಿ ವಿ.ಎಂ. ಘಾಟಗೆಯವರ ನೇತೃತ್ವದಲ್ಲಿ ತರಬೇತಿ ವಿಮಾನ ಎಚ್‌ಟಿ-2 ತಯಾರಾಗಿ 1951ರ ಆಗಸ್ಟ್‌ನಲ್ಲಿ ಹಾರಿತು. 1958ರ ಸೆಪ್ಟೆಂಬರ್ 28ರಂದು ಹಾರಿದ ಪುಷ್ಪಕ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಉಕ್ಕಿನ ಕೊಳವೆಗಳ ಚೌಕಟ್ಟಿಗೆ ಬಟ್ಟೆ ಹೊದಿಸಿದ ಒಡಲು, ಮೇಲ್ಗಡೆ ರೆಕ್ಕೆ, ಬಾಲದಡಿ ಪುಟ್ಟ ಚಕ್ರ, 90 ಅಶ್ವಶಕ್ತಿಯ ಎಂಜಿನ್, ಪಕ್ಕಪಕ್ಕದಲ್ಲಿ ಎರಡು ಆಸನ. ಅಲಾಸ್ಕಾದ ಕಾಡಿನವನಿಗೆ ಇದನ್ನು ತೋರಿಸಿದರೆ ತನ್ನ ಮನೆಯದೇ ಎಂದುಕೊಂಡಾನು, ಅಷ್ಟರಮಟ್ಟಿಗೆ ಇದು ಬುಷ್ ಪ್ಲೇನಿನ ಬಂಧು. ಸುಮಾರು 160 ಪುಷ್ಪಕಗಳು ತಯಾರಾಗಿ ದೇಶದ ಹಾರಾಟ ಕ್ಲಬ್ಬುಗಳಿಗೆ ಹೋದವು. ಮರುವರ್ಷ ಬಂದ ಕೃಷಕ್, ಹೆಸರಿಗೆ ರೈತನಾದರೂ, ಸೇನೆಯ ವೀಕ್ಷಣೆಯ ಕೆಲಸಕ್ಕೆ ಸೇರಿತು.

ಬೆಂಗಳೂರಿನಲ್ಲಿ ತಯಾರಾದ ಇಂಥ ಹಗುರ ವಿಮಾನಗಳಿಗೆ ತೇಲುಗಾಲು ಕಟ್ಟಿ ಕೃಷ್ಣರಾಜಸಾಗರದ ಹಿನ್ನೀರಿಗೆ ಇಳಿಸುವ, ಪ್ರವಾಹ ಬಂದಾಗ ಔಷಧಿ ಒಯ್ಯುವ, ಕಾಡ್ಗಿಚ್ಚು ಕಾಯುವ ಪರಂಪರೆ ನಮ್ಮಲ್ಲಿ ಬೆಳೆಯಲಿಲ್ಲ. ಕಾರಣ ಯಂತ್ರದ ಕೊರತೆಯಲ್ಲ. ಕೆನಡಾದಲ್ಲಿ ವಿಮಾನ ಕಾಡಿನವನ ಅಗತ್ಯದಿಂದ ಬೆಳೆಯಿತು. ನಮ್ಮಲ್ಲಿ ಅದು ಸೇನೆಯ, ಕ್ಲಬ್ಬಿನ, ದೊಡ್ಡ ಪಟ್ಟಣದ ವಸ್ತುವಾಗಿಯೇ ಉಳಿಯಿತು. ಇಂದು ವಾಣಿಜ್ಯ ಪೈಲಟ್ ಪರವಾನಗಿಗೆ 200 ಗಂಟೆಗಳ ಹಾರಾಟ ಬೇಕು, ಅದರ ಖರ್ಚು ಹಲವು ಹತ್ತು ಲಕ್ಷ ರೂಪಾಯಿ. 2006ರ ಸಾಚಾರ್ ವರದಿ ತೋರಿಸಿದಂತೆ ಪದವಿಯ ಮೆಟ್ಟಿಲು ಹತ್ತುವುದೇ ಕಷ್ಟವಾಗಿರುವ ಸಮುದಾಯಕ್ಕೆ, ಹಾಡಿಯ ಮಕ್ಕಳಿಗೆ, ಬೆಸ್ತರ ಮಕ್ಕಳಿಗೆ ಇದು ಎಟುಕದ ಹಣ್ಣು.

ಹುಣಸೂರು ಸೀಮೆಯ ನೀರು

ಈ ಸೀಮೆಯ ನಕ್ಷೆಯನ್ನು ಜಲವಿಮಾನ ಕಲಿಯುವವನ ಕಣ್ಣಿನಿಂದ ನೋಡೋಣ. ಹುಣಸೂರಿನ ಮೂಲಕ ಹರಿಯುವ ಲಕ್ಷ್ಮಣತೀರ್ಥ, ಪಿರಿಯಾಪಟ್ಟಣದ ಅಂಚನ್ನು ಸವರಿ ಕೆ.ಆರ್. ನಗರಕ್ಕೆ ಬರುವ ಕಾವೇರಿ, ಎರಡೂ ಕೃಷ್ಣರಾಜಸಾಗರ ಸೇರುತ್ತವೆ. ಕೋಟೆ ತಾಲೂಕಿನ ಬೀಚನಹಳ್ಳಿಯಲ್ಲಿ 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟು ನಾಗರಹೊಳೆ ಮತ್ತು ಬಂಡೀಪುರ ಕಾಡುಗಳ ನಡುವೆ ಹಿನ್ನೀರನ್ನು ಹರಡಿದೆ. ಮುಂಗಾರಿನಲ್ಲಿ ನೈಋತ್ಯದ ಗಾಳಿ ಅಲೆ ಎಬ್ಬಿಸುತ್ತದೆ, ಚಳಿಗಾಲದ ಬೆಳಗಿನಲ್ಲಿ ನೀರು ಕನ್ನಡಿಯಾಗಿ ನಿಲ್ಲುತ್ತದೆ. ಮುಳುಗಡೆಯಾದ ಕಾಡಿನ ಒಣಮರಗಳು ಇಂದಿಗೂ ನೀರಿನಿಂದ ತಲೆ ಎತ್ತಿ ನಿಂತಿವೆ, ನೀರು ಇಳಿದಂತೆ ಬೊಡ್ಡೆಗಳು ಮೇಲಕ್ಕೆ ಬರುತ್ತವೆ. ನಾವು ಮೇಲೆ ಹೇಳಿದ ಪಾಠಗಳೆಲ್ಲ ಒಂದೇ ಜಲಾಶಯದಲ್ಲಿ ಸಿಗುತ್ತವೆ.

ಆದರೆ ಆ ನೀರು ಖಾಲಿ ಹಾಳೆಯಲ್ಲ. ಅದರಡಿ ಹಳ್ಳಿಗಳಿವೆ, ಹೊಲಗಳಿವೆ. ಖೆಡ್ಡಾಕ್ಕೆ ಹೆಸರಾಗಿದ್ದ ಕಾಕನಕೋಟೆಯ ಕಾಡಿನ ಭಾಗವಿದೆ. ಅಲ್ಲಿ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಬೇಸಿಗೆಯಲ್ಲಿ ಹಿನ್ನೀರು ಹಿಂದೆ ಸರಿದಾಗ ಚಿಗುರುವ ಹುಲ್ಲಿಗೆ ನೂರಾರು ಆನೆಗಳು ಬಂದು ಸೇರುತ್ತವೆ. ದಡದ ಊರಿನವರು ಹರಿಗೋಲಿನಲ್ಲಿ ಹೋಗಿ ಬಲೆ ಬೀಸುತ್ತಾರೆ. ನಾಗರಹೊಳೆ 1955ರಲ್ಲಿ ವನ್ಯಧಾಮವಾಗಿ, ಮುಂದೆ ರಾಷ್ಟ್ರೀಯ ಉದ್ಯಾನವಾಗಿ, 1999ರಲ್ಲಿ ಹುಲಿ ಯೋಜನೆಗೆ ಸೇರಿದ ಹಾದಿಯಲ್ಲಿ ಜೇನುಕುರುಬರು, ಬೆಟ್ಟಕುರುಬರು, ಯರವರು ತಮ್ಮ ಹಾಡಿಗಳಿಂದ ಹೊರಬಿದ್ದರು. ಅವರನ್ನು ಹೊರಗಟ್ಟುತ್ತಿದ್ದ ಕಾಡಿನೊಳಗೇ ಒಂದು ದೊಡ್ಡ ಹೋಟೆಲ್ ಕಂಪೆನಿಯ ವಿಹಾರಧಾಮ ಏಳಹೊರಟಾಗ ಆದಿವಾಸಿಗಳು ಹೋರಾಡಿದರು. 1997ರಲ್ಲಿ ರಾಜ್ಯ ಹೈಕೋರ್ಟು ಆ ಕಟ್ಟಡದ ವಿರುದ್ಧ ತೀರ್ಪು ಕೊಟ್ಟಿತು. ಕಾಡು ಯಾರಿಗೆ ಎಂಬ ಪ್ರಶ್ನೆ ಈ ಸೀಮೆಗೆ ಹೊಸದಲ್ಲ.

ಕಾಡಿನ ವಿದ್ಯೆಯೂ ಹೊಸದಲ್ಲ. ದಸರೆಗೆ ಮುನ್ನ ಹುಣಸೂರು ತಾಲೂಕಿನ ವೀರನಹೊಸಹಳ್ಳಿಯಿಂದ ಗಜಪಯಣ ಹೊರಡುವಾಗ ಆನೆಗಳ ಮೇಲೆ ಕೂರುವ ಮಾವುತರನ್ನು ನೋಡಿ. ಜೇನುಕುರುಬರೂ ಇದ್ದಾರೆ, ಮುಸ್ಲಿಮರೂ ಇದ್ದಾರೆ. ಅಪ್ಪನ ಹಿಂದೆ ಕಾವಾಡಿಯಾಗಿ ದುಡಿದು, ಆನೆಯ ಕಿವಿಯ ಚಲನೆ, ಉಸಿರು, ಮುನಿಸು ಕಲಿತು ಮಾವುತನಾಗುವ ಕ್ರಮ ಬುಷ್ ಪೈಲಟ್‌ನ ಕಲಿಕೆಗಿಂತ ಬೇರೆಯಲ್ಲ. ಗಾಳಿ ನೋಡಿ ಹರಿಗೋಲು ತಿರುಗಿಸುವ ಬೆಸ್ತನಿಗೆ ಜಲವಿಮಾನದ ಅರ್ಧ ಪಾಠ ಈಗಾಗಲೇ ಗೊತ್ತಿದೆ. ನೀರು, ಗಾಳಿ, ಕಾಡನ್ನು ಓದುವ ಬುದ್ಧಿ ಇಲ್ಲಿ ಧಾರಾಳವಾಗಿದೆ. ಆ ಬುದ್ಧಿಗೆ ಶಾಲೆಯ ಬಾಗಿಲು ತೆರೆಯಲಿಲ್ಲ ಎಂಬುದಷ್ಟೇ ವ್ಯತ್ಯಾಸ. ಹುಣಸೂರು ಕ್ಷೇತ್ರದಿಂದಲೇ ಬಂದು ಮುಖ್ಯಮಂತ್ರಿಯಾದ ದೇವರಾಜ ಅರಸರು 1970ರ ದಶಕದಲ್ಲಿ ಹಿಂದುಳಿದವರಿಗೆ ಓದು, ಉದ್ಯೋಗದ ಬಾಗಿಲು ತೆರೆದರು. ವಿಮಾನಯಾನದಂಥ ದುಬಾರಿ ವಿದ್ಯೆಗಳ ಬಾಗಿಲಿನವರೆಗೆ ಆ ಕ್ರಾಂತಿ ಇನ್ನೂ ತಲುಪಬೇಕಿದೆ.

ಮತ್ತೆ ಬಂದಿರುವ ಜಲವಿಮಾನ

ಭಾರತದಲ್ಲಿ ಜಲವಿಮಾನ ಮತ್ತೆ ಸುದ್ದಿಗೆ ಬಂದದ್ದು 2010ರ ಡಿಸೆಂಬರ್‌ನಲ್ಲಿ, ಅಂಡಮಾನಿನ ‘ಜಲ್ ಹಂಸ್’ ಸೇವೆಯಿಂದ. ಅದು ಬಹುಕಾಲ ನಡೆಯಲಿಲ್ಲ. 2013ರಲ್ಲಿ ಕೇರಳ ಸರಕಾರ ಕೊಲ್ಲಂನ ಅಷ್ಟಮುಡಿ ಹಿನ್ನೀರಿನಲ್ಲಿ ಯೋಜನೆ ಉದ್ಘಾಟಿಸಿದಾಗ, ತಮ್ಮ ಹೊಟ್ಟೆಪಾಡಿಗೆ ಕುತ್ತು ಬರುತ್ತದೆಂದು ಮೀನುಗಾರರು ಪ್ರತಿಭಟಿಸಿದರು. ಯೋಜನೆ ನಿಂತಿತು. 2020ರ ಅಕ್ಟೋಬರ್ 31ರಂದು ಗುಜರಾತಿನ ಸಾಬರಮತಿ ಮತ್ತು ಕೇವಡಿಯಾ ನಡುವೆ ಆರಂಭವಾದ ಸೇವೆ 2021ರಲ್ಲಿ ಸ್ಥಗಿತವಾಯಿತು. 2024ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರ ಹೊಸ ಮಾರ್ಗಸೂಚಿ ಹೊರಡಿಸಿತು. ಅದೇ ನವೆಂಬರ್‌ನಲ್ಲಿ ವಿಜಯವಾಡದಿಂದ ಶ್ರೀಶೈಲಕ್ಕೆ, ಕೊಚ್ಚಿಯಿಂದ ಮಾಟ್ಟುಪೆಟ್ಟಿ ಜಲಾಶಯಕ್ಕೆ ಪ್ರಾಯೋಗಿಕ ಹಾರಾಟಗಳು ನಡೆದವು. ಎಲ್ಲ ಕಡೆಯೂ ಮುಂದಿಟ್ಟ ಮಾತು ಬಹುಮಟ್ಟಿಗೆ ಪ್ರವಾಸೋದ್ಯಮದ್ದೇ.

ಗುಜರಾತಿನಲ್ಲಿ ಹಾರಿದ ವಿಮಾನ ಬಂದದ್ದು ಮಾಲ್ಡೀವ್ಸ್‌ನಿಂದ. ಕೆನಡಾದ ಕಾಡಿಗಾಗಿ ಹುಟ್ಟಿದ ಟ್ವಿನ್ ಆಟರ್ ವಿಮಾನಗಳನ್ನು ತರಿಸಿಕೊಂಡು ಈ ಪುಟ್ಟ ಮುಸ್ಲಿಂ ದೇಶ ಜಗತ್ತಿನ ಅತಿ ದೊಡ್ಡ ಜಲವಿಮಾನ ಜಾಲವನ್ನು ಕಟ್ಟಿದೆ. ಚಾಲಕರು ಬರಿಗಾಲಿನಲ್ಲಿ ಹಾರಿಸುವುದು ಅಲ್ಲಿನ ಪ್ರಸಿದ್ಧ ನೋಟ. ಮೊದಲು ವಿದೇಶಿ ಪೈಲಟ್‌ಗಳನ್ನೇ ನೆಚ್ಚಿಕೊಂಡಿದ್ದ ಆ ಉದ್ಯಮದಲ್ಲಿ ಇಂದು ದ್ವೀಪದ ಮಕ್ಕಳೂ ಪೈಲಟ್‌ಗಳಾಗಿದ್ದಾರೆ. ಅಲ್ಲಿಯೂ ವಿಮಾನ ಹೆಚ್ಚಾಗಿ ಒಯ್ಯುವುದು ಶ್ರೀಮಂತ ಪ್ರವಾಸಿಗಳನ್ನೇ. ಆದರೂ ವಿದ್ಯೆಯಾದರೂ ಊರಿನವರ ಕೈಗೆ ಬಂತು.

ನಮ್ಮ ಜಲಾಶಯಗಳಿಗೂ ನಾಳೆ ಇಂಥ ವಿಮಾನ ಬರಬಹುದು. ಆಗ ಸೀಮೆಯ ಜನ ಸುಮ್ಮನೆ ದಡದಲ್ಲಿ ನಿಂತು ಚಪ್ಪಾಳೆ ತಟ್ಟಬೇಕಿಲ್ಲ, ಕಣ್ಣುಮುಚ್ಚಿ ವಿರೋಧಿಸಬೇಕೆಂದೂ ಇಲ್ಲ. ಕಬಿನಿಯ ಹುಲ್ಲಿಗೆ ಆನೆಗಳು ಬರುವ ಬೇಸಿಗೆಯಲ್ಲಿ ಅಲ್ಲಿ ಎಂಜಿನ್ನಿನ ಸದ್ದು ಸಲ್ಲದು ಎಂಬುದಕ್ಕೆ ಹೆಚ್ಚಿನ ವಾದ ಬೇಡ. ಬಲೆ ಬೀಸುವವನ ನೀರನ್ನು ಕಿತ್ತುಕೊಳ್ಳಬಾರದು ಎಂಬುದನ್ನು ಕೇರಳದ ಮೀನುಗಾರರು ಆಗಲೇ ಹೇಳಿದ್ದಾರೆ. 2006ರ ಅರಣ್ಯ ಹಕ್ಕು ಕಾಯಿದೆ ಕೊಟ್ಟ ಗ್ರಾಮಸಭೆಯ ಅಧಿಕಾರವನ್ನು ಕಾಗದದಲ್ಲಿ ಬಿಟ್ಟು ಯಾವ ಯೋಜನೆಯೂ ಕಾಡಂಚಿಗೆ ಬರಕೂಡದು.

ಪ್ರಾಮಾಣಿಕವಾಗಿ ಹೇಳಬೇಕಾದ ಮಾತು ಇನ್ನೊಂದಿದೆ. ಕೋಟೆ ತಾಲೂಕು ಅಲಾಸ್ಕಾ ಅಲ್ಲ. ಇಲ್ಲಿನ ಹಾಡಿಯಲ್ಲಿ ರಾತ್ರಿ ಹೆರಿಗೆ ನೋವು ಬಂದರೆ ಬೇಕಾಗುವುದು ವಿಮಾನವಲ್ಲ. ಮಳೆಗಾಲದಲ್ಲಿಯೂ ಸಾಗುವ ರಸ್ತೆ, ಕರೆದಾಗ ಬರುವ ಆಂಬುಲೆನ್ಸ್, ಆಸ್ಪತ್ರೆಯಲ್ಲಿ ಇರುವ ವೈದ್ಯರು ಬೇಕು. ಜಾನ್ ಫ್ಲಿನ್ ಮೊದಲು ನೋಡಿದ್ದು ರೋಗಿಯನ್ನು, ವಿಮಾನವನ್ನು ಅವರು ಆಮೇಲೆ ಹುಡುಕಿದರು. ನಮ್ಮಲ್ಲಿ ಮೊದಲು ವಿಮಾನ ತಂದು ಆಮೇಲೆ ಅದಕ್ಕೆ ಪ್ರಯಾಣಿಕರನ್ನು ಹುಡುಕುವ ಕ್ರಮವಿದೆ. ಸೇವೆಗಳು ನಿಂತುಹೋಗುವುದಕ್ಕೆ ಅದೂ ಒಂದು ಕಾರಣವಿರಬಹುದು.

ಹಾಗಾದರೆ ಈ ವಿದ್ಯೆ ನಮಗೆ ಬೇಡವೇ? ಬೇಕು. ವಿದ್ಯಾರ್ಜನೆಯನ್ನು ಧಾರ್ಮಿಕ ಕರ್ತವ್ಯವೆಂದೇ ಬಗೆಯುವ ಸಮುದಾಯ ಯಾವ ವಿದ್ಯೆಯನ್ನೂ ಬೇಡವೆನ್ನಲಾರದು. ಸಮುದಾಯದ ಉಳ್ಳವರು ಮದುವೆಯ ಮಂಟಪಕ್ಕೆ ಸುರಿಯುವ ಹಣದ ಒಂದಂಶ ವಿದ್ಯಾರ್ಥಿವೇತನವಾದರೆ ಹುಣಸೂರಿನ ಬಡಮನೆಯ ಹುಡುಗಿಯೊಬ್ಬಳು ಜಕ್ಕೂರಿನ ವಿಮಾನದಲ್ಲಿ ಕೂರಬಹುದು. ಸರಕಾರ ಜಲಾಶಯವನ್ನು ಯಾವುದಾದರೂ ಕಂಪೆನಿಗೆ ತೆರೆದುಕೊಡುವುದಾದರೆ, ತರಬೇತಿಯ ಸ್ಥಾನಗಳಲ್ಲಿ ಒಂದು ಪಾಲನ್ನು ಮುಳುಗಡೆಯಾದವರ, ಮಾವುತರ, ಬೆಸ್ತರ ಮಕ್ಕಳಿಗೆ ಮೀಸಲಿಡಬೇಕೆಂಬ ಕರಾರು ಹಾಕಲಿ. ನೀರಿಗಾಗಿ ನೆಲ ಕಳೆದುಕೊಂಡವರು ಆ ನೀರಿನಿಂದ ಮೇಲೇಳುವ ಹಕ್ಕನ್ನಾದರೂ ಕೇಳಬಹುದು. ಸರ್ ಮಿರ್ಜಾ ಕಾರ್ಖಾನೆಗೆ ಜಮೀನು ಕೊಟ್ಟಾಗ ಬೆಂಗಳೂರಿನ ಸಾಮಾನ್ಯ ಮನೆಗಳ ಹುಡುಗರು ವಿಮಾನ ಬಿಚ್ಚಿ ಜೋಡಿಸುವುದನ್ನು ಕಲಿತರು. ಅದನ್ನು ಹಾರಿಸುವ ಪಾಠ ಕಾಡಂಚಿನ ಮಕ್ಕಳಿಗೆ ಸಿಗುವಂತೆ ಮಾಡುವ ಕೆಲಸ ಬಾಕಿ ಉಳಿದಿದೆ.